ತಡವಾಗಿ ಬರುತ್ತಿದ್ದ ಗುಮಾಸ್ತ ಐದೂವರೆಗೆ ಎದ್ದ ಕಥೆ

ಪದವಿ ಮುಗಿಸಿ ಎರಡು ವರ್ಷವಾಯಿತು. ಮಧ್ಯಾಹ್ನದಿಂದ ರಾತ್ರಿ ಒಂಬತ್ತರವರೆಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಉಳಿದ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕು. ಅದಕ್ಕೆಂದೇ ಮೊಬೈಲಿನಲ್ಲಿ ಐದು ಗಂಟೆಗೊಂದು, ಐದೂಕಾಲಿಗೊಂದು, ಐದೂವರೆಗೊಂದು ಹೀಗೆ ಮೂರು ಅಲಾರಂ ಇಟ್ಟಿದ್ದೆ. ಮೂರೂ ಬಾರಿಸುತ್ತಿದ್ದವು, ಮೂರನ್ನೂ ಕಣ್ಣು ಮುಚ್ಚಿಕೊಂಡೇ ಆರಿಸುತ್ತಿದ್ದೆ. ಎದ್ದಾಗ ಎಂಟಾಗಿರುತ್ತಿತ್ತು. ಆಮೇಲೆ ದಿನವಿಡೀ ನನ್ನನ್ನು ನಾನೇ ಬೈದುಕೊಳ್ಳುವುದು. ನಿಮ್ಮಲ್ಲಿ ಅನೇಕರ ಕಥೆಯೂ ಇದೇ ಇರಬಹುದು.

ಬೇಗ ಏಳಬೇಕು ಎಂದು ನಮಗೆ ಹೇಳದವರು ಯಾರಿದ್ದಾರೆ? ಅಜ್ಜ ಹೇಳಿದ್ದಾರೆ, ಮೇಷ್ಟ್ರು ಹೇಳಿದ್ದಾರೆ, ಕೋಚಿಂಗ್ ಸೆಂಟರಿನ ಗೋಡೆಯೂ ಹೇಳುತ್ತದೆ. ಆದರೆ ಹೇಳುವವರೆಲ್ಲ ಹುಟ್ಟಿನಿಂದಲೇ ಶಿಸ್ತಿನ ಸಿಪಾಯಿಗಳಂಥ ಮಹಾಪುರುಷರನ್ನು ತೋರಿಸುತ್ತಾರೆ. ಅವರನ್ನು ನೋಡಿದರೆ ಗೌರವ ಬರುತ್ತದೆ, ಧೈರ್ಯ ಬರುವುದಿಲ್ಲ. ನನಗೆ ಧೈರ್ಯ ಕೊಟ್ಟವನು ಬೇರೊಬ್ಬ. ಅವನು ಇಪ್ಪತ್ತಾರನೇ ವಯಸ್ಸಿನವರೆಗೆ ಕಚೇರಿಗೆ ತಡವಾಗಿ ಬರುವವ, ಸಾಲಗಾರ, ಯಾವ ಕೆಲಸಕ್ಕೂ ಬಾರದವ ಎಂದು ಹೆಸರು ಕೆಡಿಸಿಕೊಂಡಿದ್ದ. ಮುಂದೆ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು ನಲವತ್ತೇಳು ಕಾದಂಬರಿಗಳನ್ನು ಬರೆದ. ಅವುಗಳಲ್ಲಿ ಹಲವನ್ನು ಅಂಚೆ ಇಲಾಖೆಯ ಪೂರ್ಣಾವಧಿ ನೌಕರಿ ಮಾಡುತ್ತಲೇ. ಅವನೇ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಹೆಸರು ಪರಿಚಯವಿರುತ್ತದೆ. ಬದುಕು ಅಷ್ಟಾಗಿ ಗೊತ್ತಿರುವುದಿಲ್ಲ.

ಟ್ರಾಲಪ್ ಹುಟ್ಟಿದ್ದು 1815ರ ಏಪ್ರಿಲ್ 24ರಂದು, ಲಂಡನ್ನಿನಲ್ಲಿ. ತಂದೆ ವಕೀಲರು. ಓದಿಕೊಂಡವರು, ಶ್ರಮಜೀವಿ, ಆದರೆ ಮುಂಗೋಪಿ. ಕಕ್ಷಿದಾರರೊಂದಿಗೆ ಜಗಳವಾಡಿ ಒಬ್ಬೊಬ್ಬರನ್ನೇ ಕಳೆದುಕೊಂಡರು. ವಕೀಲಿ ಕೈಕೊಟ್ಟಿತೆಂದು ಹ್ಯಾರೋ ಎಂಬಲ್ಲಿ ಜಮೀನು ಗೇಣಿಗೆ ಹಿಡಿದು ಬೇಸಾಯಕ್ಕಿಳಿದರು. ಅದರ ಗಂಧಗಾಳಿಯೂ ಅವರಿಗೆ ಇರಲಿಲ್ಲ. ಶ್ರೀಮಂತ ಬಂಧುವಿನ ಆಸ್ತಿ ಬರುತ್ತದೆಂದು ನೆಚ್ಚಿಕೊಂಡಿದ್ದರೆ, ಆ ವೃದ್ಧರು ಇಳಿವಯಸ್ಸಿನಲ್ಲಿ ಮತ್ತೆ ಮದುವೆಯಾಗಿ ಮಕ್ಕಳನ್ನು ಪಡೆದರು. ಆಸೆ ಅಲ್ಲಿಗೆ ಕಮರಿತು.

ಮನೆಯಲ್ಲಿ ಬಡತನ, ಶಾಲೆ ಮಾತ್ರ ಸಿರಿವಂತರ ಮಕ್ಕಳದು. ಹ್ಯಾರೋ ಶಾಲೆ ಇಂದಿಗೂ ಪ್ರಸಿದ್ಧ. ಸ್ಥಳೀಯ ಮಕ್ಕಳಿಗೆ ಅಲ್ಲಿ ಕಡಿಮೆ ಖರ್ಚಿನಲ್ಲಿ ಓದಲು ಅವಕಾಶವಿತ್ತು. ಹುಡುಗ ಹೊಲದ ಮನೆಯಿಂದ ಕೆಸರು ಹಾದಿಯಲ್ಲಿ ಸುಮಾರು ಮೂರು ಮೈಲಿ ನಡೆದು ಶಾಲೆ ಸೇರುವಷ್ಟರಲ್ಲಿ ಬಟ್ಟೆಯೆಲ್ಲ ರಾಡಿ. ದೊಡ್ಡ ಮನೆತನದ ಹುಡುಗರು ಪಕ್ಕದಲ್ಲಿ ಕೂರಲು ಹಿಂಜರಿಯುತ್ತಿದ್ದರು. ನಡುವೆ ವಿಂಚೆಸ್ಟರ್ ಶಾಲೆಯಲ್ಲಿ ಇದ್ದಾಗ ತಂದೆ ಶುಲ್ಕ ಕಟ್ಟಲಿಲ್ಲ. ಅಂಗಡಿಯವರಿಗೆ ಈ ಹುಡುಗನಿಗೆ ಸಾಲ ಕೊಡಬೇಡಿ ಎಂಬ ಸೂಚನೆ ಹೋಯಿತು. ಉಳಿದ ಮಕ್ಕಳಿಗೆ ಸಿಗುತ್ತಿದ್ದ ಕೈಖರ್ಚು ಇವನಿಗೆ ನಿಂತಿತು. ಕಾರಣ ಎಲ್ಲರಿಗೂ ಗೊತ್ತಿತ್ತು. ಗೆಳೆಯರಿಲ್ಲದ, ಎಲ್ಲರ ಕಣ್ಣಿಗೆ ಬೀಳುವ ಅವಮಾನದ ಬಾಲ್ಯ. ಕಾಲೇಜು ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಿದ, ಸಿಗಲಿಲ್ಲ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲೇ ಇಲ್ಲ.

ಇಲ್ಲಿ ಅವನ ತಾಯಿಯ ವಿಷಯ ಹೇಳಲೇಬೇಕು. ಫ್ರಾನ್ಸೆಸ್ ಟ್ರಾಲಪ್ 1827ರಲ್ಲಿ ಕೆಲವು ಮಕ್ಕಳೊಂದಿಗೆ ಅಮೆರಿಕಕ್ಕೆ ಹೋಗಿ, ಸಿನ್ಸಿನಾಟಿಯಲ್ಲಿ ಒಂದು ಬಜಾರ್ ಕಟ್ಟಿ ವ್ಯಾಪಾರ ಮಾಡಲು ನೋಡಿದರು. ಕೈ ಸುಟ್ಟುಕೊಂಡು 1831ರಲ್ಲಿ ಮರಳಿದರು. ಬರುವಾಗ ತಂದದ್ದು ಹಣವಲ್ಲ, ಅಮೆರಿಕದ ಜನಜೀವನದ ಬಗ್ಗೆ ಬರೆದುಕೊಂಡ ಟಿಪ್ಪಣಿಗಳು. ಮರುವರ್ಷ ಅದು ಪುಸ್ತಕವಾಗಿ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಗದ್ದಲ ಎಬ್ಬಿಸಿತು. ಐವತ್ತು ದಾಟಿದ ಮೇಲೆ ಲೇಖಕಿಯಾದ ಆಕೆ ಮುಂದೆ ನೂರಕ್ಕೂ ಹೆಚ್ಚು ಸಂಪುಟಗಳನ್ನು ಬರೆದರು. ಅದು ಹೇಗೆ ಸಾಧ್ಯವಾಯಿತು? ಬೆಳಗಿನ ಜಾವ ನಾಲ್ಕಕ್ಕೆ ಮೇಜಿಗೆ ಕೂರುತ್ತಿದ್ದರು. ಮನೆಯವರು ಏಳುವ ಹೊತ್ತಿಗೆ ಆ ದಿನದ ಬರವಣಿಗೆ ಮುಗಿದಿರುತ್ತಿತ್ತು.

ಆ ಸಂಪಾದನೆಯೂ ಸಾಲ ತೀರಿಸಲು ಸಾಲಲಿಲ್ಲ. 1834ರಲ್ಲಿ ಒಂದು ದಿನ ತಂದೆ ಮಗನಿಗೆ ಗಾಡಿ ಹೂಡಲು ಹೇಳಿ ಲಂಡನ್ನಿಗೆ ಹೊರಟರು. ಅಲ್ಲಿಂದ ಬೆಲ್ಜಿಯಂಗೆ ಹೋಗುವ ಹಡಗು ಹತ್ತುವುದಾಗಿ ತಿಳಿಸಿದ್ದು ದಾರಿಯಲ್ಲಿ. ಅವರನ್ನು ಬಿಟ್ಟು ಮಗ ಹಿಂದಿರುಗಿದಾಗ ಮನೆ ಜಪ್ತಿಗೆ ಅಧಿಕಾರಿಗಳು ಬಂದಿದ್ದರು. ತಾಯಿ ಪ್ರೀತಿಯಿಂದ ಇಟ್ಟುಕೊಂಡಿದ್ದ ಒಂದಷ್ಟು ಪಾತ್ರೆ, ಪುಸ್ತಕಗಳನ್ನು ಮಕ್ಕಳೆಲ್ಲ ಸೇರಿ ಬೇಲಿಯ ಸಂದಿಯಿಂದ ಪಕ್ಕದ ಮನೆಗೆ ಸಾಗಿಸಿದರು. ಕುಟುಂಬ ಬ್ರೂಜ್ ಪಟ್ಟಣ ಸೇರಿತು. ಅಲ್ಲಿ ಒಬ್ಬ ಮಗ ಕ್ಷಯದಿಂದ ಹಾಸಿಗೆ ಹಿಡಿದ, ಗಂಡನೂ ಸಾವಿನ ಹತ್ತಿರ. ಇಬ್ಬರ ಶುಶ್ರೂಷೆ ಮಾಡುತ್ತ, ಔಷಧದ ಬಾಟಲಿಯ ಪಕ್ಕದಲ್ಲೇ ಮಸಿಕುಡಿಕೆ ಇಟ್ಟುಕೊಂಡು ಆ ತಾಯಿ ಕಾದಂಬರಿ ಬರೆದರು. ಮನೆ ನಡೆಯುತ್ತಿದ್ದುದು ಅದರಿಂದಲೇ. ಮಗ ಉಳಿಯಲಿಲ್ಲ, ಗಂಡನೂ ಉಳಿಯಲಿಲ್ಲ.

ಇಂಥ ಸ್ಥಿತಿಯಲ್ಲಿ ಹತ್ತೊಂಬತ್ತರ ಆಂಥನಿಗೆ ಒಂದು ಸರ್ಕಾರಿ ಕೆಲಸ ಸಿಕ್ಕಿತು. ಪರಿಚಯದವರ ಶಿಫಾರಸಿನಿಂದ ಲಂಡನ್ನಿನ ಪ್ರಧಾನ ಅಂಚೆ ಕಚೇರಿಯಲ್ಲಿ ಗುಮಾಸ್ತಗಿರಿ, ವರ್ಷಕ್ಕೆ 90 ಪೌಂಡ್ ಸಂಬಳ. ಅವನ ನೇಮಕಾತಿ ಪರೀಕ್ಷೆ ಇಂದು ನಮಗೆ ನಗು ತರಿಸುತ್ತದೆ. ಪತ್ರಿಕೆಯ ಕೆಲವು ಸಾಲುಗಳನ್ನು ನಕಲು ಮಾಡು ಎಂದು ಹಳೆಯ ಗರಿಲೇಖನಿ ಕೊಟ್ಟರು. ಹುಡುಗ ಮಸಿ ಚೆಲ್ಲಿ, ಕಾಗುಣಿತ ತಪ್ಪಿ ಹಾಳುಮಾಡಿದ. ಮನೆಯಲ್ಲಿ ಅಂದವಾಗಿ ಬರೆದು ನಾಳೆ ತಾ, ಗಣಿತವನ್ನೂ ಪರೀಕ್ಷಿಸುತ್ತೇವೆ ಎಂದರು. ರಾತ್ರಿ ಕುಳಿತು ಬರೆದು ತಂದ. ಮರುದಿನ ಯಾರೂ ಅದನ್ನು ನೋಡಲೂ ಇಲ್ಲ, ಗಣಿತ ಕೇಳಲೂ ಇಲ್ಲ. ಹೋಗಿ ಕೂತುಕೋ ಎಂದು ಕುರ್ಚಿ ತೋರಿಸಿದರು.

ಮುಂದೆ ಇಂಗ್ಲೆಂಡಿನಲ್ಲಿ ಸರ್ಕಾರಿ ಹುದ್ದೆಗೆ ಸ್ಪರ್ಧಾತ್ಮಕ ಪರೀಕ್ಷೆ ಬೇಕೆಂಬ ವಾದ ಎದ್ದಿತು. 1854ರ ನಾರ್ತ್‌ಕೋಟ್–ಟ್ರೆವೆಲ್ಯಾನ್ ವರದಿ ಅದರ ಬುನಾದಿ. ಭಾರತದ ಸಿವಿಲ್ ಸೇವೆಗೆ 1855ರಿಂದಲೇ ಅಂಥ ಪರೀಕ್ಷೆ ಶುರುವಾಯಿತು. ನಾವು ಇಂದು ಬರೆಯುವ ಪರೀಕ್ಷೆಗಳ ಹಿರಿಯಜ್ಜ ಅದೇ. ಟ್ರಾಲಪ್ ಈ ಪದ್ಧತಿಯನ್ನು ಕಡೆಯವರೆಗೂ ವಿರೋಧಿಸಿದ, ಕಾದಂಬರಿಯೊಂದರಲ್ಲಿ ಗೇಲಿಯನ್ನೂ ಮಾಡಿದ. ಪರೀಕ್ಷೆ ಇದ್ದಿದ್ದರೆ ತಾನು ಒಳಗೇ ಬರುತ್ತಿರಲಿಲ್ಲ, ಆದರೂ ತಾನು ಒಳ್ಳೆಯ ನೌಕರನಾದೆ ಎಂಬುದು ಅವನ ವಾದ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಪರಿಚಯಸ್ಥರಿಲ್ಲದ ನಮ್ಮಂಥವರಿಗೆ ಪರೀಕ್ಷೆಯೇ ಬಾಗಿಲು. ಆದರೆ ಪರೀಕ್ಷೆಯಲ್ಲಿ ಸೋತವನೆಲ್ಲ ಅಪ್ರಯೋಜಕನಲ್ಲ ಎಂಬುದಕ್ಕೆ ಅವನ ಬದುಕು ಸಾಕ್ಷಿ. ಅಷ್ಟನ್ನು ಒಪ್ಪುತ್ತೇನೆ.

ಒಳ್ಳೆಯ ನೌಕರ ಅವನು ತಕ್ಷಣ ಆಗಲಿಲ್ಲ. ಲಂಡನ್ನಿನ ಆ ಏಳು ವರ್ಷ ಅವನ ಬದುಕಿನ ಕೆಟ್ಟ ಕಾಲ. ಬೆಳಿಗ್ಗೆ ಹತ್ತಕ್ಕೆ ಕಚೇರಿ. ಇವನು ಹತ್ತಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಗಡಿಯಾರ ಸದಾ ಹತ್ತು ನಿಮಿಷ ಹಿಂದೆ. ಸಂಜೆ ಹೋಗಲು ಮನೆ ಎಂಬುದಿಲ್ಲ, ಬಾಡಿಗೆ ಕೋಣೆ. ಹರಟೆ, ಇಸ್ಪೀಟು, ಹೊಗೆ. ದರ್ಜಿಗೆ ಕೊಡಬೇಕಿದ್ದ 12 ಪೌಂಡಿನ ಬಿಲ್ಲು ಬಡ್ಡಿ ವ್ಯಾಪಾರಿಯೊಬ್ಬನ ಕೈಸೇರಿತು. ಅವನಿಂದ ಇನ್ನಷ್ಟು ಚಿಲ್ಲರೆ ಸಾಲ. ಕೊನೆಗೆ ಬಡ್ಡಿ, ಚಕ್ರಬಡ್ಡಿ ಸೇರಿ ತೆತ್ತದ್ದು 200 ಪೌಂಡಿಗೂ ಹೆಚ್ಚು, ಅಂದರೆ ಎರಡು ವರ್ಷದ ಸಂಬಳಕ್ಕಿಂತ ಜಾಸ್ತಿ. ಆ ಮುದುಕ ದಿನವೂ ಕಚೇರಿಗೇ ಬಂದು ಕುರ್ಚಿಯ ಹಿಂದೆ ನಿಂತು, ಸಮಯಪಾಲನೆಯ ಬಗ್ಗೆ ಮೆಲ್ಲಗೆ ಬುದ್ಧಿ ಹೇಳುತ್ತಿದ್ದನಂತೆ! ಇಂದಿನ ಸಾಲದ ಆ್ಯಪ್‌ಗಳಿಗೆ ಸಿಕ್ಕಿಕೊಂಡ ಗೆಳೆಯರನ್ನು ಕಂಡವರಿಗೆ ಈ ಕಥೆ ಹಳತೆನಿಸುವುದಿಲ್ಲ. ಮೇಲಧಿಕಾರಿಗೆ ಇವನ ಮುಖ ಕಂಡರಾಗದು. ಕೆಲಸದಿಂದ ತೆಗೆಯುವ ಮಾತೂ ಆಗಾಗ ಬರುತ್ತಿತ್ತು.

ಈ ಏಳು ವರ್ಷವೂ ಅವನ ತಲೆಯಲ್ಲಿ ಒಂದು ಆಸೆ ಇತ್ತು: ಕಾದಂಬರಿ ಬರೆಯಬೇಕು. ಕೆಸರು ಹಾದಿಯಲ್ಲಿ ಒಂಟಿಯಾಗಿ ನಡೆಯುತ್ತಿದ್ದ ಕಾಲದಿಂದಲೂ ಮನಸ್ಸಿನಲ್ಲೇ ಕಥೆ ಕಟ್ಟುವ, ಅದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸುವ ಅಭ್ಯಾಸ ಅವನಿಗಿತ್ತು. ಆದರೆ ಒಂದು ಪುಟವೂ ಹಾಳೆಗೆ ಇಳಿಯಲಿಲ್ಲ. ಇಂದಲ್ಲ ನಾಳೆ ಎನ್ನುತ್ತಲೇ ವಯಸ್ಸು ಇಪ್ಪತ್ತಾರಾಯಿತು. ನನ್ನನ್ನು ತಟ್ಟಿದ್ದು ಇದೇ. ಆಸೆ ಇಲ್ಲದೆ ಸೋತವರು ಕಡಿಮೆ. ಆಸೆಗೆ ದಿನದಲ್ಲಿ ಇಂತಿಷ್ಟು ಗಂಟೆ ಎಂದು ಜಾಗ ಕೊಡದೆ ಸೋತವರೇ ಹೆಚ್ಚು.

1841ರಲ್ಲಿ ಅಂಚೆ ಇಲಾಖೆಗೆ ಐರ್ಲೆಂಡಿನಿಂದ ಒಂದು ಸುದ್ದಿ ಬಂತು. ಅಲ್ಲಿನ ಸರ್ವೇಯರ್ ಒಬ್ಬರ ಸಹಾಯಕ ಹುದ್ದೆ ಖಾಲಿ. ದೂರದ ಊರು, ಯಾರಿಗೂ ಬೇಡದ ಕೆಲಸ. ಟ್ರಾಲಪ್ ತಾನೇ ಕೇಳಿಕೊಂಡ. ಪೀಡೆ ತೊಲಗಿದರೆ ಸಾಕೆಂದು ಮೇಲಿನವರೂ ಒಪ್ಪಿದರು. ಬಂಧುಗಳು, ಸ್ನೇಹಿತರು ಯಾರಿಗೂ ಇದು ಹಿಡಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಶ್ಯಾನನ್ ನದಿ ದಂಡೆಯ ಬ್ಯಾನಗರ್ ಎಂಬ ಊರು ಸೇರಿದ. ಅವನಿಗಿಂತ ಮುಂಚೆ ಲಂಡನ್ನಿನಿಂದ ಅವನ ಬಗ್ಗೆ ಕೆಟ್ಟ ವರದಿ ಅಲ್ಲಿಗೆ ತಲುಪಿತ್ತು. ಹೊಸ ಅಧಿಕಾರಿ ಅದನ್ನು ಮುಚ್ಚಿಡದೆ ತಿಳಿಸಿ, ನಾನು ಮಾತ್ರ ನಿನ್ನನ್ನು ನಿನ್ನ ಕೆಲಸ ನೋಡಿ ಅಳೆಯುತ್ತೇನೆ ಎಂದರು. ಒಂದು ವರ್ಷದೊಳಗೆ ಟ್ರಾಲಪ್ ದಕ್ಷ ನೌಕರ ಎನಿಸಿಕೊಂಡ.

ಅದೇ ಮನುಷ್ಯ, ಅದೇ ಇಲಾಖೆ. ಬದಲಾದದ್ದೇನು? ಬಯಲಲ್ಲಿ ಓಡಾಡುವ ಕೆಲಸ ಸಿಕ್ಕಿತು. ಪ್ರಯಾಣ ಭತ್ಯೆಯಿಂದ ಸಾಲ ತೀರಿತು. ಹಳೆಯ ಹೆಸರನ್ನು ಬದಿಗಿಟ್ಟು ನೋಡುವ ಒಬ್ಬ ಮನುಷ್ಯ ಸಿಕ್ಕಿದ. 1843ರಲ್ಲಿ ಮೊದಲ ಕಾದಂಬರಿಗೆ ಕೈಹಚ್ಚಿದ, 1844ರಲ್ಲಿ ರೋಸ್ ಹೆಸೆಲ್ಟೈನ್ ಎಂಬಾಕೆಯನ್ನು ಮದುವೆಯಾದ. ಮುಂದೆ ಅವನ ಹಸ್ತಪ್ರತಿಗಳನ್ನು ಓದಿ, ಪ್ರತಿ ಮಾಡಿಕೊಟ್ಟವಳು ಆಕೆ.

ಬರೆದ ಕೂಡಲೇ ಕೀರ್ತಿ ಬಂತೆಂದುಕೊಳ್ಳಬೇಡಿ. 1847ರಲ್ಲಿ ಬಂದ ಮೊದಲ ಕಾದಂಬರಿಯನ್ನು ಕೇಳುವವರಿರಲಿಲ್ಲ. 1848ರ ಎರಡನೆಯದರ 375 ಪ್ರತಿ ಅಚ್ಚಾಗಿ ಮಾರಾಟವಾದದ್ದು 140. ಪ್ರಕಾಶಕ ತನಗಾದ ನಷ್ಟದ ಲೆಕ್ಕ ಬರೆದು ಕಳುಹಿಸಿದ: 63 ಪೌಂಡ್ ಚಿಲ್ಲರೆ. ಮೂರನೆಯದಕ್ಕೆ 20 ಪೌಂಡ್ ಸಿಕ್ಕಿತು, ಓದುಗರು ಸಿಗಲಿಲ್ಲ. 1855ರಲ್ಲಿ ನಾಲ್ಕನೆಯದು, ದಿ ವಾರ್ಡನ್, ಬಂದಾಗಲೇ ಒಂದಿಷ್ಟು ಜನ ತಿರುಗಿ ನೋಡಿದ್ದು. ಅಷ್ಟರಲ್ಲಿ ಅವನಿಗೆ ನಲವತ್ತು. ಲೇಖನಿ ಹಿಡಿದು ಹನ್ನೆರಡು ವರ್ಷ.

ಈ ನಡುವೆ ನೌಕರಿಯಲ್ಲಿ ಅವನು ಮಾಡಿದ ಕೆಲಸವೂ ಸಣ್ಣದಲ್ಲ. 1851ರಿಂದ ಎರಡು ವರ್ಷ ಇಂಗ್ಲೆಂಡಿನ ನೈಋತ್ಯ ಭಾಗ ಮತ್ತು ವೇಲ್ಸ್‌ನ ಹಳ್ಳಿಗಳಲ್ಲಿ ಕುದುರೆಯ ಮೇಲೆ ದಿನಕ್ಕೆ ಸುಮಾರು ನಲವತ್ತು ಮೈಲಿ ಸುತ್ತಿ, ಒಂಟಿ ಮನೆಗಳಿಗೂ ಅಂಚೆ ತಲುಪುವಂತೆ ಹೊಸ ಮಾರ್ಗಗಳನ್ನು ಗುರುತಿಸಿದ. ಚಾನಲ್ ದ್ವೀಪಗಳಿಗೆ ಹೋದಾಗ, ಅಂಚೆ ಕಚೇರಿ ದೂರವಿರುವ ಕಡೆ ರಸ್ತೆ ಬದಿಯಲ್ಲೇ ಕಬ್ಬಿಣದ ಪೆಟ್ಟಿಗೆ ನೆಟ್ಟರೆ ಜನ ಅಲ್ಲೇ ಕಾಗದ ಹಾಕಬಹುದಲ್ಲ ಎಂದು ಸಲಹೆ ಕೊಟ್ಟ. ಫ್ರಾನ್ಸಿನಲ್ಲಿ ಅಂಥದ್ದನ್ನು ಕಂಡಿದ್ದ. 1852ರಲ್ಲಿ ಜೆರ್ಸಿ ದ್ವೀಪದಲ್ಲಿ ಅವು ನಿಂತವು. ಬ್ರಿಟನ್ನಿನಲ್ಲೆಲ್ಲ ಹಬ್ಬಿ, ಸಾಮ್ರಾಜ್ಯದ ಜೊತೆ ನಮ್ಮಲ್ಲಿಗೂ ಬಂದವು. ಅರ್ಜಿ ಹಾಕಲು ಹೋದಾಗ ನಿಮ್ಮೂರ ಅಂಚೆ ಕಚೇರಿಯ ಮುಂದಿನ ಕೆಂಪು ಪೆಟ್ಟಿಗೆಯನ್ನು ಒಮ್ಮೆ ನೋಡಿ. ಅದರ ವಂಶವೃಕ್ಷದಲ್ಲಿ ತಡವಾಗಿ ಬರುತ್ತಿದ್ದ ಆ ಗುಮಾಸ್ತನ ಹೆಸರಿದೆ.

ಭಾರತದ ಜೊತೆ ಅವನಿಗೆ ಇನ್ನೂ ಒಂದು ನಂಟು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಲಂಡನ್ನಿನ ಕಾಗದಗಳು ಹಡಗಿನಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಬಂದು, ಈಜಿಪ್ಟಿನ ನೆಲ ದಾಟಿ, ಸುಯೆಜ್‌ನಲ್ಲಿ ಮತ್ತೆ ಹಡಗು ಹತ್ತಿ ಭಾರತಕ್ಕೆ ಬರುತ್ತಿದ್ದವು. ಆ ಚೀಲಗಳನ್ನು ರೈಲಿನಲ್ಲಿ ಸಾಗಿಸುವ ಒಪ್ಪಂದಕ್ಕಾಗಿ 1858ರಲ್ಲಿ ಈಜಿಪ್ಟಿಗೆ ಹೋದವನು ಟ್ರಾಲಪ್. ಅಲ್ಲಿನ ಅಧಿಕಾರಿ 48 ಗಂಟೆ ಬೇಕೆಂದರೆ, ಇವನು 24 ಗಂಟೆಯಲ್ಲಿ ಆಗಬೇಕೆಂದು ಪಟ್ಟು ಹಿಡಿದು ಗೆದ್ದ. ಆ ಪ್ರವಾಸದಲ್ಲೇ ಒಂದು ಕಾದಂಬರಿ ಮುಗಿಸಿ, ಮರುದಿನವೇ ಇನ್ನೊಂದನ್ನು ಶುರುಮಾಡಿದ.

ಇಷ್ಟು ಓಡಾಟದಲ್ಲಿ ಬರೆಯಲು ಹೊತ್ತೆಲ್ಲಿ? ಮೊದಮೊದಲು ಅವನಿಗೂ ಇದೇ ಪ್ರಶ್ನೆ. ದಿನವಿಡೀ ರೈಲಿನಲ್ಲಿ ಕೂರಬೇಕಾದಾಗ ಎಲ್ಲರಂತೆ ಅವನೂ ಓದುತ್ತ ಕಾಲ ಕಳೆಯುತ್ತಿದ್ದ. ಆಮೇಲೆ ತೊಡೆಯ ಮೇಲಿಟ್ಟುಕೊಳ್ಳುವ ಪುಟ್ಟ ಹಲಗೆ ಮಾಡಿಸಿ, ಪೆನ್ಸಿಲಿನಲ್ಲಿ ಬರೆಯತೊಡಗಿದ. ಎದುರಿಗೆ ನಾಲ್ಕೈದು ಜನ ನೋಡುತ್ತ ಕೂತಿದ್ದರೆ ಮೊದಲು ನಾಚಿಕೆಯಾಗುತ್ತಿತ್ತು, ಕ್ರಮೇಣ ಹೋಯಿತು. ಅವನ ಪ್ರಸಿದ್ಧ ಕಾದಂಬರಿ ಬಾರ್ಚೆಸ್ಟರ್ ಟವರ್ಸ್‌ನ ಬಹುಪಾಲು ಹೀಗೆ ರೈಲಿನಲ್ಲೇ ಹುಟ್ಟಿತು. ಸಂಜೆ ಮನೆಯಲ್ಲಿ ಹೆಂಡತಿ ಅದನ್ನು ಶಾಯಿಯಲ್ಲಿ ಪ್ರತಿ ಮಾಡುತ್ತಿದ್ದಳು.

1859ರ ಕೊನೆಯಲ್ಲಿ ಅವನು ಲಂಡನ್ನಿನ ಹತ್ತಿರದ ವಾಲ್ತಮ್ ಕ್ರಾಸ್‌ನಲ್ಲಿ ಮನೆ ಮಾಡಿದ. ಅವನ ಹೆಸರಿಗೆ ಅಂಟಿಕೊಂಡ ದಿನಚರಿ ಇಲ್ಲಿಯದು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತಿರಬೇಕು. ಏಳುವ ಹೊತ್ತಲ್ಲ, ಕುಳಿತಿರಬೇಕಾದ ಹೊತ್ತು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದಿ, ಕಿವಿಗೆ ಹೇಗೆ ಕೇಳುತ್ತದೆಂದು ನೋಡಿ ತಿದ್ದುವುದು. ನಂತರ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು. ಮೂರು ಗಂಟೆಯಾದ ಮೇಲೆ ನಿಲ್ಲಿಸಿ, ಬಟ್ಟೆ ಬದಲಿಸಿ, ತಿಂಡಿಗೆ ಹೋಗುವುದು. ಆಮೇಲೆ ಇಡೀ ದಿನ ಅಂಚೆ ಇಲಾಖೆಯದು. ಸಂಜೆ ಕ್ಲಬ್ಬು, ಇಸ್ಪೀಟು. ಚಳಿಗಾಲದಲ್ಲಿ ವಾರಕ್ಕೆ ಎರಡು ಸಲವಾದರೂ ನರಿ ಬೇಟೆ. ಬೇಟೆ ನಮಗೆ ಮೆಚ್ಚುಗೆಯಾಗುವ ಹವ್ಯಾಸವಲ್ಲ. ಆದರೆ ಸನ್ಯಾಸಿಯಂತೆ ಬದುಕಿ ಅವನು ಬರೆಯಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಮೂರು ಗಂಟೆಯನ್ನು ಪ್ರಾಮಾಣಿಕವಾಗಿ ದುಡಿದದ್ದರಿಂದ ಉಳಿದ ಹೊತ್ತಿನ ನಗುವಿಗೆ ಅಪರಾಧಿ ಭಾವ ಅಂಟಿಕೊಳ್ಳಲಿಲ್ಲ.

ಜೊತೆಗೆ ಒಂದು ದಿನಚರಿ ಪುಸ್ತಕ. ಕಾದಂಬರಿ ಆರಂಭಿಸುವಾಗಲೇ ವಾರಗಳ ಮನೆ ಗೀಟುಹಾಕಿ, ದಿನಕ್ಕೆ ಎಷ್ಟು ಪುಟ ಆಯಿತೆಂದು ತುಂಬುತ್ತಿದ್ದ. ಪುಟವೆಂದರೆ ಎಣಿಸಿದ 250 ಪದ. ಸರಾಸರಿ ವಾರಕ್ಕೆ 40 ಪುಟ. ಕೆಲವು ವಾರ 20ಕ್ಕೆ ಇಳಿದದ್ದಿದೆ, ಒಮ್ಮೆ 112ಕ್ಕೆ ಏರಿದ್ದಿದೆ. ಒಂದು ದಿನ ಸೋಮಾರಿಯಾದರೆ ಖಾಲಿ ಮನೆ ಕಣ್ಣಿಗೆ ಚುಚ್ಚುತ್ತಿತ್ತು.

ನಾನು ಕಾಗದದ ಮೇಲೆ ಈ ಲೆಕ್ಕ ಹಾಕಿ ನೋಡಿದೆ. ಕಾಲು ಗಂಟೆಗೆ 250 ಪದವಾದರೆ ಎರಡೂವರೆ ಗಂಟೆಗೆ 2,500 ಪದ, ಅಂದರೆ ದಿನಕ್ಕೆ 10 ಪುಟ. ಏಳು ದಿನಕ್ಕೆ 70 ಪುಟ ಆಗಬೇಕಿತ್ತು. ಆದದ್ದು ಸರಾಸರಿ 40. ಗಡಿಯಾರದ ಈ ಭೂಪನೂ ತನ್ನ ಗುರಿಯ ಅರ್ಧಕ್ಕಿಂತ ತುಸು ಹೆಚ್ಚು ಮುಟ್ಟಿದ್ದಾನೆ, ಅಷ್ಟೇ! ಆದರೆ ಆ 40 ಪುಟವನ್ನು ವರ್ಷಾನುಗಟ್ಟಲೆ ಬಿಡಲಿಲ್ಲ. ಇದನ್ನು ಕಂಡ ದಿನ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಂದು ದಿನ ತಪ್ಪಿದರೆ ಎಲ್ಲ ಮುಗಿಯಿತೆಂದು ನಾವು ವೇಳಾಪಟ್ಟಿಯನ್ನೇ ಹರಿದು ಹಾಕುತ್ತೇವೆ. ಅವನು ಕಡಿಮೆ ಅಂಕಿಯನ್ನೂ ಬರೆದಿಟ್ಟು ಮರುದಿನ ಮತ್ತೆ ಕೂತ.

ಇನ್ನೊಂದು ಸಂಗತಿ. ಐದೂವರೆಗೆ ಕೂರಲು ಅವನಾಗಿಯೇ ಏಳುತ್ತಿರಲಿಲ್ಲ. ಐರ್ಲೆಂಡಿನಿಂದ ಜೊತೆಗೆ ಬಂದಿದ್ದ ವಯಸ್ಸಾದ ಕುದುರೆಯಾಳು ಬಂದು ಎಬ್ಬಿಸಿ ಕಾಫಿ ಕೊಡುತ್ತಿದ್ದ. ಅದಕ್ಕೆ ಸಂಬಳದ ಮೇಲೆ ವರ್ಷಕ್ಕೆ 5 ಪೌಂಡ್ ಹೆಚ್ಚುವರಿ. ಆ ಮನುಷ್ಯ ಒಂದು ದಿನವೂ ತಡಮಾಡಲಿಲ್ಲವೆಂದೂ, ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿಯೆಂದೂ ಟ್ರಾಲಪ್ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಇದನ್ನು ಓದಿದಾಗ ನನಗೆ ಅಮ್ಮ ನೆನಪಾದಳು. ನಮ್ಮ ಮನೆಯಲ್ಲಿ ನಾಲ್ಕೂಮುಕ್ಕಾಲಿಗೆ ಒಲೆ ಹೊತ್ತುತ್ತದೆ. ಆಕೆಗೆ ಅಲಾರಂ ಇಲ್ಲ, ಹೆಚ್ಚುವರಿ ಸಂಬಳವೂ ಇಲ್ಲ. ಬೇಗ ಏಳುವುದು ಮಹಾ ಸಾಧನೆಯಾದರೆ ನಮ್ಮೂರಿನ ಹಾಲಿನವರು, ಪೇಪರ್ ಹಾಕುವ ಹುಡುಗರು, ಪೌರಕಾರ್ಮಿಕರು ಎಲ್ಲರೂ ಸಾಧಕರೇ. ನಮಗೆ ಅವರಲ್ಲಿ ಅನೇಕರಿಗೆ ಸಿಗದ ಒಂದು ಭಾಗ್ಯವಿದೆ: ಬೇಗ ಎದ್ದು ಆ ಹೊತ್ತನ್ನು ನಮಗಾಗಿಯೇ ಬಳಸುವ ಅವಕಾಶ. ಅದನ್ನು ಹಾಸಿಗೆಯಲ್ಲಿ ಕಳೆಯುವಾಗ ಯಾರ ದುಡಿಮೆಯ ಮೇಲೆ ಮಲಗಿದ್ದೇವೆ ಎಂದು ಒಮ್ಮೆ ಯೋಚಿಸಬೇಕು.

1860ರಲ್ಲಿ ಕಾರ್ನ್‌ಹಿಲ್ ಎಂಬ ಹೊಸ ಪತ್ರಿಕೆ ಅವನ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿ 1,000 ಪೌಂಡ್ ಕೊಟ್ಟಿತು. ಅಲ್ಲಿಂದ ಅವನು ಮನೆಮಾತಾದ. ಸೋಲುಗಳೂ ಬಿಡಲಿಲ್ಲ. 1864ರಲ್ಲಿ ಇಲಾಖೆಯಲ್ಲಿ ನಿರೀಕ್ಷಿಸಿದ್ದ ಬಡ್ತಿ ಬೇರೆಯವರ ಪಾಲಾಯಿತು. 1867ರಲ್ಲಿ, ಮೂವತ್ತಮೂರು ವರ್ಷಗಳ ಸೇವೆಯ ನಂತರ, ರಾಜೀನಾಮೆ ಕೊಟ್ಟ. ಅರವತ್ತು ತುಂಬದ ಕಾರಣ ಪಿಂಚಣಿ ಹೋಯಿತು, ಅಷ್ಟು ವರಮಾನ ಬರುವಷ್ಟನ್ನು ಬರವಣಿಗೆಯಿಂದ ಕೂಡಿಟ್ಟ ಮೇಲೆಯೇ ಕೆಲಸ ಬಿಟ್ಟ. ಮರುವರ್ಷ ಬೆವರ್ಲಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ನಿಂತು ಕೊನೆಯ ಸ್ಥಾನ ಪಡೆದ. 1871ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಮಗನನ್ನು ನೋಡಲು ಹೊರಟಾಗ ಹಡಗಿನ ಕೋಣೆಯಲ್ಲಿ ಮೇಜು ಹಾಕಿಸಿಕೊಂಡು, ಎಂಟು ವಾರಗಳ ಪಯಣದಲ್ಲಿ ವಾರಕ್ಕೆ 66 ಪುಟದಂತೆ ಬರೆದು ಒಂದು ಕಾದಂಬರಿ ಮುಗಿಸಿಯೇ ದಡ ಸೇರಿದ. ಮುಪ್ಪಿನಲ್ಲಿ ಬೆರಳು ಸೆಟೆದು ಬರೆಯಲಾಗದಾದಾಗ ಹೆಂಡತಿಯ ಸೋದರಿಯ ಮಗಳಿಗೆ ಹೇಳಿ ಬರೆಸಿದ. 1882ರ ಡಿಸೆಂಬರ್ 6ರಂದು ಲಂಡನ್ನಿನಲ್ಲಿ ತೀರಿಕೊಂಡಾಗಲೂ ಒಂದು ಕಾದಂಬರಿ ಅರ್ಧದಲ್ಲಿತ್ತು.

ಮರುವರ್ಷ ಪ್ರಕಟವಾದ ಆತ್ಮಕಥೆ ಅವನಿಗೆ ಹೆಸರಿಗಿಂತ ಕೆಟ್ಟ ಹೆಸರನ್ನೇ ತಂದಿತು. ಪದ ಎಣಿಸಿ ಬರೆದದ್ದು, ಗಡಿಯಾರ ಇಟ್ಟುಕೊಂಡದ್ದು, ಬರವಣಿಗೆಯಿಂದ ಗಳಿಸಿದ 68,939 ಪೌಂಡ್ 17 ಷಿಲಿಂಗ್ 5 ಪೆನ್ಸ್, ಎಲ್ಲವನ್ನೂ ಅದರಲ್ಲಿ ಲೆಕ್ಕ ಕೊಟ್ಟಿದ್ದ. ಸ್ಫೂರ್ತಿಗಾಗಿ ಕಾಯುವುದು ಬೇಡ, ಚಮ್ಮಾರ ಜೋಡು ಹೊಲಿದು ಮುಗಿಸಿ ಮುಂದಿನ ಜೋಡಿಗೆ ಕೈಹಾಕುವಂತೆ ಲೇಖಕನೂ ದುಡಿಯಬೇಕು ಎಂಬುದು ಅವನ ನಿಲುವು. ಇದೆಂಥ ಕಲೆ, ಇದು ಕಾರ್ಖಾನೆ ಎಂದು ವಿಮರ್ಶಕರು ಮೂಗು ಮುರಿದರು. ಪುಸ್ತಕಗಳು ಮಾತ್ರ ಸಾಯಲಿಲ್ಲ. ಎರಡನೇ ಮಹಾಯುದ್ಧದ ಕತ್ತಲ ದಿನಗಳಲ್ಲಿ ಇಂಗ್ಲೆಂಡಿನ ಜನ ಮತ್ತೆ ಅವುಗಳನ್ನು ಹುಡುಕಿ ಓದಿದರು. 1993ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವನ ಸ್ಮಾರಕ ಫಲಕ ಇಟ್ಟರು.

ಗೆಳೆಯರೇ, ಈ ಬದುಕಿನಿಂದ ನಾನು ಮೂರು ಸಣ್ಣ ಸಂಗತಿ ತೆಗೆದುಕೊಂಡೆ. ಒಂದು, ಮೂರು ಅಲಾರಂ ತೆಗೆದು ಒಂದನ್ನೇ ಇಟ್ಟೆ, ಅದೂ ಕೋಣೆಯ ಆಚೆ ಬದಿಯ ಕಿಟಕಿಯಲ್ಲಿ. ಒಲೆ ಹೊತ್ತಿಸಿದ ಮೇಲೆ ಒಮ್ಮೆ ಕೂಗು ಎಂದು ಅಮ್ಮನಿಗೆ ಹೇಳಿದೆ. ಬದಲಿಗೆ ನೀರು ತುಂಬುವ ಕೆಲಸ ನನ್ನದು. ಎರಡು, ಬೆಳಿಗ್ಗೆ ಏನು ಓದಬೇಕೆಂದು ರಾತ್ರಿಯೇ ಪುಸ್ತಕ ತೆರೆದಿಡುತ್ತೇನೆ. ಎದ್ದ ಮೇಲೆ ಯೋಚಿಸತೊಡಗಿದರೆ ಕೈ ಮೊಬೈಲಿಗೆ ಹೋಗುತ್ತದೆ. ಮೂರು, ಹಳೆಯ ನೋಟ್‌ಬುಕ್ಕಿನಲ್ಲಿ ವಾರದ ಮನೆಗಳನ್ನು ಗೀಚಿದ್ದೇನೆ. ಓದಿದ ಪುಟ, ಬಿಡಿಸಿದ ಲೆಕ್ಕ, ಅಷ್ಟೇ ಬರೆಯುತ್ತೇನೆ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ಬೆಳಗಿನ ಐದೂವರೆ ಹೊಂದದು, ಒತ್ತಾಯವೂ ಬೇಡ. ಅವರ ಐದೂವರೆ ಮಧ್ಯಾಹ್ನವೇ ಇರಬಹುದು. ದಿನದ ಉಳಿದ ಕೆಲಸಗಳು ಕೈಹಾಕುವ ಮುನ್ನ ನಮ್ಮದೆಂಬ ಹೊತ್ತು ನಮಗೆ ಸಿಗಬೇಕು, ಮುಖ್ಯ ಅದು.

ಹನ್ನೊಂದು ವಾರವಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಮನೆಗಳು ಸಾಕಷ್ಟಿವೆ. ಹಬ್ಬದ ವಾರ ಪೂರ್ತಿ ಖಾಲಿ. ಆದರೆ ತುಂಬಿದ ಮನೆಗಳು ಖಾಲಿಗಿಂತ ಹೆಚ್ಚಾಗಿವೆ. ಪರೀಕ್ಷೆಯ ಫಲ ಏನಾಗುತ್ತದೋ ಗೊತ್ತಿಲ್ಲ. ಎಂಟು ಗಂಟೆಗೆ ಎದ್ದು ನನ್ನನ್ನು ನಾನೇ ಬೈದುಕೊಳ್ಳುವುದು ನಿಂತಿದೆ. ನಾಳೆ ಬೆಳಿಗ್ಗೆ ಓದಬೇಕಾದ ಭೂಗೋಳದ ಪುಸ್ತಕ ಈಗಲೇ ಮೇಜಿನ ಮೇಲೆ ತೆರೆದಿದೆ.